ಬಗ್ ಇಲ್ಲ ಎಂದು ಸಹಿ ಹಾಕುವ ಮೊದಲು

ಲಸಿಕೆ ಇಡುವ ಫ್ರಿಜ್‌ನ ತಾಪಮಾನ ಕಾಯುವ ಪುಟ್ಟ ಸಾಧನ ಅದು. ನಿಮಿಷಕ್ಕೊಮ್ಮೆ ಸೆನ್ಸರ್ ಓದಬೇಕು, 8 ಡಿಗ್ರಿ ಮೀರಿ 10 ನಿಮಿಷವಾದರೆ ಅಲಾರಂ ಹೊಡೆಯಬೇಕು. ನಾನು ಟೆಸ್ಟರ್ ಆಗಿ ಆಗಷ್ಟೇ ಮೂರನೇ ವರ್ಷ. ನಾಲ್ಕು ತಿಂಗಳು ಅದರ ಹಿಂದೆಯೇ ಬಿದ್ದಿದ್ದೆ. ಸಿಕ್ಕಿದ ಬಗ್‌ಗಳೆಲ್ಲ ಸರಿಯಾದ ಮೇಲೆ ರಿಲೀಸ್ ಪತ್ರದಲ್ಲಿ 'ದೋಷ: ಶೂನ್ಯ' ಎಂದು ಬರೆದು ಸಹಿ ಹಾಕಿದೆ. ಸಾಧನ ಅಳವಡಿಸಿದ ಐವತ್ಮೂರನೇ ದಿನ ಆ ಫ್ರಿಜ್ ಕೆಟ್ಟಿತು. ಪರದೆಯ ಮೇಲೆ 4.6 ಡಿಗ್ರಿ ಎಂದೇ ಇತ್ತು. ಮೂರು ದಿನದಿಂದ ಅದೇ 4.6. ಅಲಾರಂ ಹೊಡೆಯಲಿಲ್ಲ, ಒಳಗಿದ್ದ ಲಸಿಕೆಯನ್ನೆಲ್ಲ ಎಸೆಯಬೇಕಾಯಿತು.

ಆಗಿದ್ದೇನೆಂದರೆ, ಚಿಪ್‌ನೊಳಗಿನ ಗಡಿಯಾರ ಮಿಲಿಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುತ್ತಿತ್ತು. ಬಿಟ್ ಎಂದರೆ 0 ಅಥವಾ 1 ಹಿಡಿಯುವ ಒಂದು ಮನೆ. 32 ಬಿಟ್‌ನಲ್ಲಿ ಹಿಡಿಯುವುದು 4,29,49,67,296 ಎಣಿಕೆ. ಅಂದರೆ 49 ದಿನ 17 ಗಂಟೆ ಚಿಲ್ಲರೆ. ಅಲ್ಲಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರು. ಆದರೆ 'ಮುಂದಿನ ರೀಡಿಂಗ್ ಯಾವಾಗ' ಎಂಬ ಲೆಕ್ಕವನ್ನು ನಮ್ಮ ಡೆವಲಪರ್, ಸುರಕ್ಷಿತವಾಗಿರಲಿ ಎಂದೇ, 64 ಬಿಟ್‌ನಲ್ಲಿ ಇಟ್ಟಿದ್ದರು. ಕೊನೆಯ ನಿಮಿಷದಲ್ಲಿ ಆ ಲೆಕ್ಕ 32 ಬಿಟ್‌ನ ಗಡಿ ದಾಟಿ ಆಚೆ ಹೋಯಿತು, ಗಡಿಯಾರ ಸೊನ್ನೆಗೆ ಮರಳಿತು. ಗಡಿಯಾರ ಎಂದೂ ಮುಟ್ಟಲಾಗದ ಸಮಯಕ್ಕಾಗಿ ಸಾಧನ ಕಾಯುತ್ತಾ ಕೂತಿತು. ನನ್ನ ಮೇಜಿನ ಮೇಲೆ ಇದು ಯಾಕೆ ಕಾಣಲಿಲ್ಲ? ದಿನಾ ಸಂಜೆ ಮನೆಗೆ ಹೋಗುವಾಗ ನಾನು ಟೆಸ್ಟ್ ಬೋರ್ಡ್‌ನ ಸ್ವಿಚ್ ಆರಿಸಿ ಹೋಗುತ್ತಿದ್ದೆ.

ಆಮೇಲೆ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೊಸಬರು ಬಂದಾಗಲೆಲ್ಲ ಒಂದೇ ಪ್ರಶ್ನೆ: ಬಗ್ ಒಂದೂ ಇಲ್ಲದ ಸಾಫ್ಟ್‌ವೇರ್ ಸಾಧ್ಯವಾ, ಮೇಡಂ? ನಾನು ತಿರುಗಿ ಕೇಳುವುದು, 'ಯಾವ ವಾಕ್ಯಕ್ಕೆ ಹೋಲಿಸಿ?' ಬಗ್ ಎಂದರೆ ಹೇಗಿರಬೇಕಿತ್ತೋ ಹಾಗಿಲ್ಲ ಎಂದರ್ಥ. ಹೇಗಿರಬೇಕು ಎಂಬುದನ್ನು ಬರೆದೇ ಇಲ್ಲದಿದ್ದರೆ ಇಲ್ಲ ಎನ್ನುವುದಕ್ಕೂ ಇದೆ ಎನ್ನುವುದಕ್ಕೂ ಆಧಾರವಿಲ್ಲ. ಬರೆದಿದ್ದರೆ, ಆ ವಾಕ್ಯದ ಮಟ್ಟಿಗೆ ಒಂದು ಸಣ್ಣ ಪ್ರೋಗ್ರಾಂ ಪೂರ್ತಿ ಸರಿ ಎಂದು ತೋರಿಸುವುದು ಎಷ್ಟೋ ಸಲ ಸಾಧ್ಯ. ಅದನ್ನು ಮಾಡುವುದು ಹೇಗೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅದೇ ಫ್ರಿಜ್ ಇಟ್ಟುಕೊಂಡೇ ಹೇಳುತ್ತೇನೆ.

ವಾಕ್ಯವನ್ನು ಬಿಡಿಸಿ ಓದಿ

'ತಾಪಮಾನ 8 ಡಿಗ್ರಿ ಮೀರಿ 10 ನಿಮಿಷ ಇದ್ದರೆ ಅಲಾರಂ ಹೊಡೆಯಬೇಕು.' ನಮ್ಮ ಸ್ಪೆಕ್‌ನಲ್ಲಿ, ಅಂದರೆ ಸಾಧನ ಹೇಗಿರಬೇಕು ಎಂದು ಬರೆದ ಪತ್ರದಲ್ಲಿ, ಇದ್ದದ್ದು ಇಷ್ಟೇ. ಓದಿದವರೆಲ್ಲ ಸರಿ ಎಂದು ತಲೆಯಾಡಿಸಿದ್ದೆವು. ಈಗ ಒಂದು ಹಾಳೆ ತೆಗೆದುಕೊಂಡು ಈ ವಾಕ್ಯಕ್ಕೆ ಪ್ರಶ್ನೆ ಹಾಕುತ್ತಾ ಹೋಗಿ.

ಸರಿಯಾಗಿ 8.0 ಇದ್ದರೆ ಮೀರಿದಂತೆಯೋ ಇಲ್ಲವೋ? ಒಂಬತ್ತು ನಿಮಿಷ 9 ಡಿಗ್ರಿ ಇದ್ದು, ಒಂದೇ ಒಂದು ರೀಡಿಂಗ್ 7.9 ಬಂದು, ಮತ್ತೆ 9ಕ್ಕೆ ಏರಿದರೆ ಲೆಕ್ಕ ಮೊದಲಿನಿಂದ ಶುರುವೋ? ಐದನೇ ನಿಮಿಷದಲ್ಲಿ ಕರೆಂಟ್ ಹೋಗಿ ಬಂದರೆ? ರೀಡಿಂಗೇ ಬರದಿದ್ದರೆ?

ಕೊನೆಯ ಪ್ರಶ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಡಿಎಸ್18ಬಿ20 ಎಂಬ ಸೆನ್ಸರ್ ಈ ಬಗೆಯ ಸಾಧನಗಳಲ್ಲಿ ತುಂಬಾ ಬಳಕೆಯಲ್ಲಿದೆ. ಪವರ್ ಬಂದ ಕೂಡಲೇ, ಇನ್ನೂ ಅಳೆಯುವ ಮೊದಲೇ ಓದಿದರೆ ಅದು 85 ಡಿಗ್ರಿ ಎನ್ನುತ್ತದೆ. ಅದರ ರಿಜಿಸ್ಟರ್‌ನಲ್ಲಿ ಆರಂಭಕ್ಕೆ ಇರುವ ಸಂಖ್ಯೆಯೇ ಅದು. ಇನ್ನು ವೈರ್ ಕಿತ್ತುಹೋದರೆ, ಅದನ್ನು ಓದಲು ಜನ ಹೆಚ್ಚಾಗಿ ಬಳಸುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) −127 ಎಂಬ ಸಂಖ್ಯೆ ಕೊಡುತ್ತದೆ. 'ಸೆನ್ಸರ್ ಸಿಗುತ್ತಿಲ್ಲ' ಎಂಬುದಕ್ಕೆ ಅದು ಗುರುತು. ಕೋಡ್ ಕೇಳುವುದು ಒಂದೇ ಪ್ರಶ್ನೆ: 8ಕ್ಕಿಂತ ಹೆಚ್ಚಾ? −127 ಹೆಚ್ಚಲ್ಲ. ಹಾಗಾದರೆ ಫ್ರಿಜ್ ತಣ್ಣಗಿದೆ. ಇಲಿ ವೈರ್ ಕಡಿದ ಫ್ರಿಜ್ ಎಲ್ಲಕ್ಕಿಂತ ಸುರಕ್ಷಿತ ಎಂದು ಸಾಧನ ನಂಬುತ್ತದೆ, ಸ್ಪೆಕ್‌ನ ಅಕ್ಷರಕ್ಕೆ ತಪ್ಪದೆ.

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ಲಸಿಕೆಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಹೆಪ್ಪುಗಟ್ಟಿದರೂ ಹಲವು ಲಸಿಕೆಗಳು ಕೆಡುತ್ತವೆ. ನಮ್ಮ ವಾಕ್ಯದಲ್ಲಿ 2ರ ಸುದ್ದಿಯೇ ಇಲ್ಲ. ಕೋಡ್ ಬರೆದವರು ದೇವರೇ ಆಗಿದ್ದರೂ ಆ ವಾಕ್ಯ ಇಟ್ಟುಕೊಂಡು ಬರೆದರೆ ಲಸಿಕೆ ಹೆಪ್ಪುಗಟ್ಟಿ ಕೆಡುವುದನ್ನು ತಡೆಯಲಾರರು. ನನ್ನ ಅನುಭವದಲ್ಲಿ ಅತಿ ಹೆಚ್ಚು ನೋವು ಕೊಟ್ಟ ಬಗ್‌ಗಳು ಹುಟ್ಟಿದ್ದು ಇಲ್ಲೇ, ಕೋಡ್‌ನ ಮೊದಲ ಸಾಲು ಬರೆಯುವ ಮುಂಚೆ. ಹಾಗಾಗಿ ಇಲ್ಲಿ ಎಷ್ಟು ಸಮಯ ಕಳೆದರೂ ಅದು ದಂಡವಲ್ಲ.

ಪದಗಳನ್ನೂ ಸುಮ್ಮನೆ ಬಿಡಬೇಡಿ. ಅದೇ ಸ್ಪೆಕ್‌ನಲ್ಲಿ 'ಫ್ರಿಜ್‌ಗೆ ಇಡುವ ಹೆಸರು 20 ಅಕ್ಷರ ಮೀರಬಾರದು' ಎಂದಿತ್ತು. ಅಕ್ಷರ ಎಂದರೇನು? 'ಶ್ರೀ' ನಮ್ಮ ಕಣ್ಣಿಗೆ ಒಂದು ಅಕ್ಷರ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಶ, ಹಲಂತ ಚಿಹ್ನೆ (್), ರ, ಈ-ಕಾರ ಸೇರಿ ನಾಲ್ಕು. ಅದನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಎಂಬ ರೀತಿಯಲ್ಲಿ ಬರೆದಿಟ್ಟರೆ 12 ಬೈಟ್ (ಒಂದು ಬೈಟ್ ಎಂದರೆ 8 ಬಿಟ್). ಡೆವಲಪರ್ ಬೈಟ್ ಎಣಿಸಿದರು, ಪರದೆ ವಿನ್ಯಾಸ ಮಾಡಿದವರು ಕಣ್ಣಿಗೆ ಕಾಣುವುದನ್ನು ಎಣಿಸಿದರು. ಕನ್ನಡದಲ್ಲಿ ಹೆಸರಿಟ್ಟರೆ ಅರ್ಧಕ್ಕೇ ಕತ್ತರಿಸಿ ಕೊನೆಯಲ್ಲಿ ಒಂದು ಚೌಕಾಕಾರದ ಡಬ್ಬಿ ಕಾಣುತ್ತಿತ್ತು. ಇಬ್ಬರೂ ಸ್ಪೆಕ್ ಪಾಲಿಸಿದ್ದರು.

ಎಷ್ಟನ್ನು ಪೂರ್ತಿ ಪರೀಕ್ಷಿಸಬಹುದು ಎಂದು ಲೆಕ್ಕ ಹಾಕಿ

ಪರೀಕ್ಷೆ ಬಗ್ ಇದೆ ಎಂದು ತೋರಿಸಬಲ್ಲದು, ಇಲ್ಲ ಎಂದು ತೋರಿಸಲಾರದು. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1969ರ ಸುಮಾರಿಗೆ ಹೇಳಿದ ಈ ಮಾತು ನಮ್ಮ ವೃತ್ತಿಯವರೆಲ್ಲರ ಬಾಯಲ್ಲಿದೆ. ಎರಡು 32 ಬಿಟ್ ಸಂಖ್ಯೆ ಕೂಡಿಸುವ ಒಂದು ಫಂಕ್ಷನ್, ಅಂದರೆ ಕೋಡ್‌ನ ಒಂದು ತುಂಡು, ತೆಗೆದುಕೊಳ್ಳಿ. ಎಲ್ಲ ಜೋಡಿಗಳನ್ನೂ, ಸೆಕೆಂಡಿಗೆ 100 ಕೋಟಿಯಂತೆ ಪರೀಕ್ಷಿಸಿದರೂ ಸುಮಾರು 585 ವರ್ಷ ಬೇಕು. ಬರೀ ಕೂಡುವುದಕ್ಕೆ.

ಆದರೆ ಈ ಲೆಕ್ಕ ಕೇಳಿ ಕೈ ಚೆಲ್ಲುವವರನ್ನು ಕಂಡರೆ ನನಗೆ ಬೇಸರ. ನಮ್ಮ ಸೆನ್ಸರ್ ಕೊಡುವುದು 16 ಬಿಟ್. ಒಟ್ಟು 65,536 ಮೌಲ್ಯಗಳು. ಅವನ್ನು ಡಿಗ್ರಿಗೆ ಬದಲಾಯಿಸುವ ಫಂಕ್ಷನ್ನನ್ನು ಒಂದೊಂದೂ ಮೌಲ್ಯಕ್ಕೆ ಓಡಿಸಿ ನೋಡಲು ಒಂದು ಸೆಕೆಂಡೂ ಬೇಡ. ನೋಡಿದ ಮೇಲೆ ಆ ಫಂಕ್ಷನ್‌ನಲ್ಲಿ, ಬರೆದ ವಾಕ್ಯದ ಮಟ್ಟಿಗೆ, ಬಗ್ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಒಂದೇ ಒಂದು 32 ಬಿಟ್ ಇನ್‌ಪುಟ್ ಇರುವ ಫಂಕ್ಷನ್ ಆದರೂ ಅಷ್ಟೇ: 429 ಕೋಟಿ ಮೌಲ್ಯಗಳು ಇವತ್ತಿನ ಲ್ಯಾಪ್‌ಟಾಪ್‌ಗೆ ಕೆಲವು ನಿಮಿಷದ ಕೆಲಸ.

ಮಾಡಬೇಕಾದದ್ದು ಇದು. ಸೆನ್ಸರ್ ಓದುವುದು, ಡಿಗ್ರಿ ಮಾಡುವುದು, ಹೊತ್ತು ಎಣಿಸುವುದು, ಅಲಾರಂ ತೀರ್ಮಾನ ಎಲ್ಲವನ್ನೂ ಒಂದೇ ಫಂಕ್ಷನ್‌ನಲ್ಲಿ ಕಲಸಿದ್ದರೆ ಬಿಡಿಸಿ. ಪೂರ್ತಿ ಪರೀಕ್ಷಿಸಬಹುದಾದಷ್ಟು ಸಣ್ಣ ತುಂಡುಗಳನ್ನು ಹೊರಗೆ ತೆಗೆಯಿರಿ. ಉಳಿದ ತುಂಡಿನಲ್ಲಿ, ಅಂದರೆ ಹಿಂದಿನದನ್ನು ನೆನಪಿಟ್ಟುಕೊಂಡು ಹೊತ್ತಿಗೆ ತಕ್ಕಂತೆ ನಡೆಯುವ ಭಾಗದಲ್ಲಿ, ಈ ಆಟ ನಡೆಯುವುದಿಲ್ಲ. ನನ್ನ ಬಗ್ ಇದ್ದದ್ದೂ ಅಲ್ಲೇ.

ಗಡಿಯಾರ ನಿಮ್ಮ ಕೈಯಲ್ಲಿರಲಿ

49 ದಿನಕ್ಕೆ ಬರುವ ಬಗ್ ಹಿಡಿಯಲು 49 ದಿನ ಕಾಯಬೇಕಿಲ್ಲ. ಕೋಡ್ ತಾನೇ ಹೋಗಿ ಚಿಪ್‌ನ ಗಡಿಯಾರ ನೋಡುವ ಬದಲು, ಸಮಯವನ್ನು ಹೊರಗಿನಿಂದ ಅದಕ್ಕೆ ಕೊಡುವಂತೆ ಬರೆಯಿಸಿ. ಆಗ ಪರೀಕ್ಷೆಯಲ್ಲಿ ಗಡಿಯಾರವನ್ನು ತುಂಬಲು ಒಂದು ನಿಮಿಷ ಇರುವಲ್ಲಿಂದಲೇ ಶುರು ಮಾಡಬಹುದು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅದರ ಒಳ ಗಡಿಯಾರ ಸೊನ್ನೆಯಿಂದ ಹೊರಡುವುದಿಲ್ಲ. ಸಿಸ್ಟಂ ಶುರುವಾದ ಐದೇ ನಿಮಿಷಕ್ಕೆ ಅದರ 32 ಬಿಟ್ ತುಂಬಿ ಮರಳುವ ಹಾಗೆ ಆರಂಭದ ಸಂಖ್ಯೆ ಇಟ್ಟಿದ್ದಾರೆ. ವಾರಗಟ್ಟಲೆ ಆದ ಮೇಲೆ ಗ್ರಾಹಕರ ಹತ್ತಿರ ಸಿಡಿಯಬೇಕಾದ ಬಗ್, ಬರೆದವರ ಮುಂದೆ ಐದನೇ ನಿಮಿಷಕ್ಕೆ ಬಾಯಿ ಬಿಡುತ್ತದೆ. ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತ್ತು. ನನ್ನ ನಾಲ್ಕು ತಿಂಗಳಲ್ಲಿ ಆ ಒಂದು ಸಾಲು ಇದ್ದಿದ್ದರೆ!

ಬಗ್ ಸರಿಪಡಿಸುವುದು ಸುಲಭವಿತ್ತು. 'ಈಗ ≥ ಮುಂದಿನ ಸಮಯ' ಎಂದು ಕೇಳುವ ಬದಲು 'ಈಗ − ಹಿಂದಿನ ಸಮಯ ≥ 60000' (ಒಂದು ನಿಮಿಷದ ಮಿಲಿಸೆಕೆಂಡುಗಳು) ಎಂದು ಕೇಳಬೇಕು, ಎರಡನ್ನೂ ಚಿಹ್ನೆಯಿಲ್ಲದ, ಅಂದರೆ ಋಣ ಸಂಖ್ಯೆ ಇರದ, 32 ಬಿಟ್‌ನಲ್ಲೇ ಇಟ್ಟು. ಕಳೆಯುವ ಲೆಕ್ಕವೂ ಗಡಿಯಾರದಂತೆಯೇ ಸುತ್ತು ಹಾಕುವುದರಿಂದ ತುದಿ ದಾಟಿದರೂ ಅಂತರ ಸರಿಯಾಗಿ ಬರುತ್ತದೆ. ಗೋಡೆ ಗಡಿಯಾರದಲ್ಲಿ ಹನ್ನೊಂದರಿಂದ ಎರಡಕ್ಕೆ ಮೂರು ಗಂಟೆ ಎಂದು ನಾವು ಎಣಿಸುವುದೂ ಹೀಗೇ ತಾನೆ.

ಇದು ನಮ್ಮಂಥ ಸಣ್ಣ ಸಾಧನಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. ಬೋಯಿಂಗ್ 787 ವಿಮಾನವನ್ನು 248 ದಿನ ಪವರ್ ಆರಿಸದೆ ಇಟ್ಟರೆ ಅದರ ಜನರೇಟರ್ ನಿಯಂತ್ರಣ ಘಟಕಗಳೆಲ್ಲ ಒಟ್ಟಿಗೇ ಕೈಕೊಡಬಹುದು ಎಂದು ಅಮೆರಿಕದ ವಿಮಾನಯಾನ ಆಡಳಿತ 2015ರಲ್ಲಿ ಎಚ್ಚರಿಕೆ ಹೊರಡಿಸಿತು. ಕಾರಣ ಒಳಗಿನ ಕೌಂಟರ್ ತುಂಬುವುದು. ಸೆಕೆಂಡಿನ ನೂರರಲ್ಲೊಂದು ಭಾಗವನ್ನು ಎಣಿಸುವ 31 ಬಿಟ್ ಕೌಂಟರ್ ಎಷ್ಟು ದಿನಕ್ಕೆ ತುಂಬುತ್ತದೆ, ನೀವೇ ಭಾಗಿಸಿ ನೋಡಿ.

ನಿಯಮ ಬರೆಯಿರಿ, ಹುಡುಕುವ ಕೆಲಸ ಯಂತ್ರಕ್ಕೆ ಬಿಡಿ

ನಾವು ಕೈಯಲ್ಲಿ ಬರೆಯುವ ಪರೀಕ್ಷೆಗಳಿಗೆ ಒಂದು ಮಿತಿಯಿದೆ. ನಮಗೆ ಹೊಳೆದದ್ದನ್ನಷ್ಟೇ ಬರೆಯುತ್ತೇವೆ. ಡೆವಲಪರ್‌ಗೆ ಹೊಳೆಯದ್ದು ಎಷ್ಟೋ ಸಲ ನಮಗೂ ಹೊಳೆಯುವುದಿಲ್ಲ. ಅದಕ್ಕೇ ಉದಾಹರಣೆಗಳ ಜೊತೆಗೆ, ಎಂದೂ ಸುಳ್ಳಾಗಬಾರದ ನಿಯಮಗಳನ್ನು ಬರೆದು, ಇನ್‌ಪುಟ್ ಹುಡುಕುವ ಕೆಲಸವನ್ನು ಯಂತ್ರಕ್ಕೆ ಕೊಡಿ. 2000ದಲ್ಲಿ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬಂದ ಕ್ವಿಕ್‌ಚೆಕ್ ಎಂಬ ಸಾಧನ ಈ ವಿಧಾನವನ್ನು ಜನಪ್ರಿಯ ಮಾಡಿತು. ಇವತ್ತು ಹೆಚ್ಚುಕಡಿಮೆ ಎಲ್ಲ ಭಾಷೆಯಲ್ಲೂ ಅಂಥದ್ದೊಂದು ಸಿಗುತ್ತದೆ.

ನಮ್ಮ ಫ್ರಿಜ್‌ಗೆ ನಾನು ಈಗ ಬರೆಯುವ ನಿಯಮಗಳಲ್ಲಿ ಮೂರು: ಎಲ್ಲ ರೀಡಿಂಗ್‌ಗಳೂ 2 ಮತ್ತು 8ರ ನಡುವೆ ಇದ್ದರೆ ಅಲಾರಂ ಎಂದೂ ಹೊಡೆಯಬಾರದು. ಸತತ 10 ನಿಮಿಷ ಹೊರಗಿದ್ದರೆ ಹೊಡೆಯಲೇಬೇಕು. ಒಂದೇ ರೀಡಿಂಗ್ ಸರಣಿಯನ್ನು ಗಡಿಯಾರದ ಯಾವ ಆರಂಭದಿಂದ ಓಡಿಸಿದರೂ ಅಲಾರಂ ಅದೇ ರೀಡಿಂಗ್‌ನಲ್ಲಿ ಹೊಡೆಯಬೇಕು.

ಮೂರನೆಯದು ನನಗೆ ಪ್ರಿಯ. ಅದರಲ್ಲಿ 49 ದಿನದ ಮಾತಿಲ್ಲ, 32 ಬಿಟ್‌ನ ಮಾತಿಲ್ಲ. ಆ ಬಗ್‌ನ ಸುಳಿವೇ ಇಲ್ಲದವರೂ ಇದನ್ನು ಬರೆಯಬಹುದು. ಒಂದು ಗಂಟೆಯ ಸರಣಿ ಗಡಿಯಾರದ ತುದಿ ದಾಟುವ ಸಂಭವ ಸುಮಾರು 1,200ಕ್ಕೆ ಒಂದು. ಯಂತ್ರ ಮನಬಂದ ಆರಂಭಗಳಿಂದ ಒಂದು ಲಕ್ಷ ಸಲ ಓಡಿಸಿದರೆ ಎಂಬತ್ತರ ಹತ್ತಿರ ಸಲ ಅಲ್ಲಿ ಎಡವುತ್ತದೆ. ನಾಲ್ಕು ತಿಂಗಳಲ್ಲಿ ನನಗೆ ಕಾಣದ್ದು ಒಂದು ಮಧ್ಯಾಹ್ನದಲ್ಲಿ ಸಿಗುತ್ತಿತ್ತು.

ಗಣಿತದ ಸಾಧನೆ ಎಲ್ಲಿಯವರೆಗೆ

ಸಾಧನೆ ಎಂದರೆ ಇಲ್ಲಿ ಪ್ರೂಫ್: ಪ್ರೋಗ್ರಾಂ ಸ್ಪೆಕ್‌ಗೆ ತಕ್ಕಂತೆಯೇ ನಡೆಯುತ್ತದೆ ಎಂದು ಗಣಿತದಿಂದ ತೋರಿಸಿಕೊಡುವುದು. ಇದರಲ್ಲಿ ಜನ ಎರಡು ಕಡೆಗೂ ಅತಿರೇಕ ಮಾಡುತ್ತಾರೆ. ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲೇ ಇದು ಅಸಾಧ್ಯ ಎಂದು ಸಾಧಿಸಿಬಿಟ್ಟಿದ್ದಾರೆ ಎನ್ನುವವರು ಒಂದು ಕಡೆ. ಗಣಿತದಿಂದ ಸಾಧಿಸಿಬಿಟ್ಟರೆ ಬಗ್ಗೇ ಇರದು ಎನ್ನುವವರು ಇನ್ನೊಂದು ಕಡೆ. ಟ್ಯೂರಿಂಗ್ ಸಾಧಿಸಿದ್ದು, ಯಾವ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಎಂದು ಹೇಳಬಲ್ಲ ಒಂದೇ ಸಾರ್ವತ್ರಿಕ ವಿಧಾನ ಇರಲಾರದು ಎಂದು. ನಿಮ್ಮ ಮುಂದಿರುವ ಈ ಒಂದು ಪ್ರೋಗ್ರಾಂ ಸರಿ ಎಂದು ಸಾಧಿಸುವುದನ್ನು ಅದು ತಡೆಯುವುದಿಲ್ಲ.

ಹಾಗೆ ಸಾಧಿಸಿಯೂ ಇದ್ದಾರೆ. ಎಸ್‌ಇಎಲ್4 ಎಂಬ ಮೈಕ್ರೋಕರ್ನಲ್‌ನ (ತೀರಾ ಚಿಕ್ಕದಾಗಿ ಬರೆದ ಕರ್ನಲ್) ಸುಮಾರು 8,700 ಸಾಲು ಸಿ ಭಾಷೆಯ ಕೋಡ್ ಅದರ ಸ್ಪೆಕ್‌ಗೆ ತಕ್ಕಂತೆಯೇ ನಡೆಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2009ರಲ್ಲಿ ಸಾಧಿಸಿದರು. ಆ ಸಾಧನೆಯೇ ಸುಮಾರು 2 ಲಕ್ಷ ಸಾಲು. ಒಬ್ಬರೇ ಕೂತಿದ್ದರೆ 20 ವರ್ಷ ಹಿಡಿಯುವಷ್ಟು ದುಡಿಮೆ. ಅಷ್ಟಾದ ಮೇಲೂ ಅವರು ತಾವು ಏನನ್ನು ನಂಬಿಕೊಂಡಿದ್ದೇವೆ ಎಂದು ತೆರೆದು ಬರೆದರು: ಕೋಡನ್ನು ಯಂತ್ರದ ಭಾಷೆಗೆ ಬದಲಾಯಿಸುವ ಕಂಪೈಲರ್ ಸರಿ ಇದೆ, ಚಿಪ್‌ನ ಆದೇಶಗಳಲ್ಲೇ ಬರೆದ ಅಸೆಂಬ್ಲಿ ಭಾಗ ಸರಿ ಇದೆ, ಹಾರ್ಡ್‌ವೇರ್ ಸರಿ ಇದೆ. ಆ ಪಟ್ಟಿಯ ಪ್ರಾಮಾಣಿಕತೆಗೆ ನಾನು ಸಾಧನೆಯಷ್ಟೇ ಬೆಲೆ ಕೊಡುತ್ತೇನೆ.

ಕಂಪೈಲರ್ ಸರಿ ಇದೆ ಎಂಬುದು ಸಣ್ಣ ನಂಬಿಕೆಯಲ್ಲ. ಸಿಸ್ಮಿತ್ ಎಂಬ ಸಾಧನ ಮನಬಂದಂತೆ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರ್‌ಗಳಿಗೆ ತಿನ್ನಿಸುತ್ತದೆ. ಅದನ್ನು ಕಟ್ಟಿದವರು 2011ರಲ್ಲಿ ಲೆಕ್ಕ ಕೊಟ್ಟಾಗ ಅಲ್ಲಿಯವರೆಗೆ ಯಾರಿಗೂ ಗೊತ್ತಿರದ 325ಕ್ಕೂ ಹೆಚ್ಚು ಬಗ್‌ಗಳು ಸಿಕ್ಕಿದ್ದವು, ಜಗತ್ತೇ ನೆಚ್ಚಿಕೊಂಡ ಕಂಪೈಲರ್‌ಗಳಲ್ಲಿ. ಕಾಂಪ್‌ಸರ್ಟ್ ಎಂಬ ಒಂದು ಕಂಪೈಲರ್‌ನ ಗಣಿತದಿಂದ ಸಾಧಿಸಿದ್ದ ಭಾಗದಲ್ಲಿ ಮಾತ್ರ ತಪ್ಪು ಕೋಡ್ ಹುಟ್ಟಿಸುವ ಒಂದು ಬಗ್ಗೂ ಸಿಗಲಿಲ್ಲ. ಸಾಧಿಸದೆ ಬಿಟ್ಟಿದ್ದ ಭಾಗದಲ್ಲಿ ಸಿಕ್ಕವು. ಸಾಧನೆಗೆ ಎಷ್ಟು ಶಕ್ತಿಯಿದೆ, ಅದರ ಬೇಲಿ ಎಲ್ಲಿಯವರೆಗೆ, ಎರಡಕ್ಕೂ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಸಾಧನೆಯಲ್ಲಿ ಎಷ್ಟೋ ಸಲ ಎಡವುವುದು ಇಲ್ಲಿ: ಗಣಿತದ ಸಂಖ್ಯೆಗೆ ತುದಿಯಿಲ್ಲ, ಯಂತ್ರದ ಸಂಖ್ಯೆಗೆ ಇದೆ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್‌ನಲ್ಲಿ ನಡುವಿನ ಸ್ಥಾನ ಹುಡುಕಲು ಎಡ ತುದಿ, ಬಲ ತುದಿ ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಕಾಗದದ ಮೇಲೆ ಇದು ಸರಿ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಮೊತ್ತ 2,14,74,83,647 ದಾಟಿದರೆ ಋಣ ಸಂಖ್ಯೆಯಾಗುತ್ತದೆ. ಜಾವಾದ ಪ್ರಮಾಣಿತ ಲೈಬ್ರರಿಯಲ್ಲೇ ಈ ಬಗ್ ಸುಮಾರು ಒಂಬತ್ತು ವರ್ಷ ಇತ್ತು. 2006ರಲ್ಲಿ, ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ ಅದನ್ನು ಎಲ್ಲರಿಗೂ ತಿಳಿಸಿದರು. ನನ್ನ ಗಡಿಯಾರದ ಬಗ್ಗೂ ಇದೇ ಕುಲದ್ದು.

ಹಾಗಾದರೆ ನೀವು ಸಾಧನೆಗೆ ಕೈ ಹಾಕಬೇಕಾ? ತಪ್ಪಾದರೆ ಜೀವ ಹೋಗುವ, ಅಪರೂಪಕ್ಕೆ ಬದಲಾಗುವ ಸಣ್ಣ ತಿರುಳಿಗೆ ಹೌದು. ತಿಂಗಳಿಗೊಮ್ಮೆ ಬಣ್ಣ ಬದಲಾಗುವ ಪರದೆಗೆ ಬೇಡ.

ಉಳಿದ ಬಗ್ ಬಂದಾಗ ಏನಾಗಬೇಕು ಎಂದೂ ಬರೆಯಿರಿ

ನಮ್ಮ ಸಾಧನದಲ್ಲಿ ವಾಚ್‌ಡಾಗ್ ಇತ್ತು. ಕೋಡ್ ಆಗಾಗ ಅದನ್ನು ತಟ್ಟುತ್ತಿರಬೇಕು, ತಟ್ಟದಿದ್ದರೆ ಅದು ಚಿಪ್ಪನ್ನೇ ರೀಸ್ಟಾರ್ಟ್ ಮಾಡುತ್ತದೆ. ಆದರೂ ಉಪಯೋಗಕ್ಕೆ ಬರಲಿಲ್ಲ. ಮುಖ್ಯ ಲೂಪ್ ಸುತ್ತುತ್ತಲೇ ಇತ್ತು, ವಾಚ್‌ಡಾಗ್ ತಟ್ಟುತ್ತಲೇ ಇತ್ತು. ಸೆನ್ಸರ್ ಓದುವುದೊಂದು ನಿಂತಿತ್ತು. ಈಗ ನಾನು ಕೇಳುವುದು ಹೀಗೆ: ಹೊಸ ರೀಡಿಂಗ್ ಬಂದಾಗ ಮಾತ್ರ ವಾಚ್‌ಡಾಗ್ ತಟ್ಟಿ. ಹಾಗಿದ್ದಿದ್ದರೆ ಸಾಧನ ತಾನೇ ಮರುಹುಟ್ಟು ಪಡೆಯುತ್ತಿತ್ತು, ನಮಗೆ ಬಗ್ ಏನೆಂದು ತಿಳಿಯದಿದ್ದರೂ. ಪರದೆಯಲ್ಲಿ ಬರೀ 4.6 ತೋರಿಸಬೇಡಿ, ಅದು ಎಷ್ಟು ಹಳೆಯ ರೀಡಿಂಗ್ ಎಂದೂ ತೋರಿಸಿ. ಫ್ರಿಜ್ ನೋಡಿಕೊಳ್ಳುವವರು ದಿನಾ ಆ ಪರದೆ ನೋಡುತ್ತಿದ್ದರು.

ಒಂದೇ ಕೋಡ್ ಇರುವ ಎರಡನೇ ಸಾಧನ ಇಟ್ಟು ಸುರಕ್ಷಿತ ಎಂದುಕೊಳ್ಳಬೇಡಿ. ಏರಿಯಾನ್ 5 ರಾಕೆಟ್ 1996ರ ಜೂನ್ 4ರಂದು ತನ್ನ ಮೊದಲ ಹಾರಾಟದಲ್ಲೇ, ಹೊರಟು ಒಂದು ನಿಮಿಷವಾಗುವ ಮೊದಲೇ ನಾಶವಾಯಿತು. ಏರಿಯಾನ್ 4ರಿಂದ ತಂದ ಕೋಡ್‌ನಲ್ಲಿ 64 ಬಿಟ್ ಸಂಖ್ಯೆಯೊಂದು 16 ಬಿಟ್‌ಗೆ ಹಿಡಿಸಲಿಲ್ಲ. ಬದಲಿ ಘಟಕವೂ ಇತ್ತು. ಅದರಲ್ಲಿದ್ದದ್ದೂ ಅದೇ ಕೋಡ್. ಮುಖ್ಯ ಘಟಕಕ್ಕಿಂತ 72 ಮಿಲಿಸೆಕೆಂಡ್ ಮೊದಲೇ ಅದು ಸತ್ತಿತ್ತು. ಕಾವಲು ಬೇರೆ ಬಗೆಯದಾಗಿರಬೇಕು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಬಂದಾಗ, ಹಿಂದಿನ ಮಾದರಿಯಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದು ಸಾಫ್ಟ್‌ವೇರ್ ಒಂದನ್ನೇ ನಂಬಿದರು. 1985ರಿಂದ 1987ರವರೆಗೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಿತ್ತು, ಕೆಲವರು ತೀರಿಕೊಂಡರು. ಹಳೆಯ ಮಾದರಿಯ ಸಾಫ್ಟ್‌ವೇರ್‌ನಲ್ಲೂ ಅಂಥ ಬಗ್ ಇತ್ತು, ಹಾರ್ಡ್‌ವೇರ್ ತಡೆ ಅದನ್ನು ಮೌನವಾಗಿ ಹಿಡಿದಿಟ್ಟಿತ್ತು ಎಂದು ಆಮೇಲೆ ತಿಳಿಯಿತು. ನಮ್ಮ ಫ್ರಿಜ್‌ಗೂ ಒಳಗೊಂದು ಸಾದಾ ಥರ್ಮಾಮೀಟರ್ ಇಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಸಹಿಯ ಮೇಲಿನ ನಾಲ್ಕು ಸಾಲು

'ದೋಷ: ಶೂನ್ಯ' ಎಂದು ನಾನು ಈಗ ಬರೆಯುವುದಿಲ್ಲ. ಅದೇ ಬಗೆಯ ಇನ್ನೊಂದು ಸಾಧನಕ್ಕೆ ಹೋದ ವರ್ಷ ಬರೆದದ್ದನ್ನು ಇಲ್ಲಿ ಕೊಡುತ್ತೇನೆ, ಬೇಕಾದರೆ ನಕಲು ಮಾಡಿಕೊಳ್ಳಿ.

ಪೂರ್ತಿ ನೋಡಿದ್ದು: ಸೆನ್ಸರ್ ಮೌಲ್ಯವನ್ನು ಡಿಗ್ರಿಗೆ ಬದಲಾಯಿಸುವುದು, 65,536 ಮೌಲ್ಯಗಳಿಗೂ.

ಹುಡುಕಿ ಸಿಗದೇ ಹೋದದ್ದು: ಅಲಾರಂ ನಿಯಮಗಳ ಉಲ್ಲಂಘನೆ, 10 ಲಕ್ಷ ಸರಣಿಗಳಲ್ಲಿ, ಗಡಿಯಾರದ ತುದಿ ದಾಟುವವು ಸೇರಿ.

ನಂಬಿಕೊಂಡದ್ದು: ಕಂಪೈಲರ್, ಚಿಪ್, ಸೆನ್ಸರ್‌ನ ಅರ್ಧ ಡಿಗ್ರಿ ನಿಖರತೆ, 10 ನಿಮಿಷ ಸಾಕು ಎಂದು ಸ್ಪೆಕ್ ಬರೆದವರ ತೀರ್ಮಾನ.

ಮುಟ್ಟದೇ ಇರುವುದು: ಕರೆಂಟ್ ಹೋಗಿ ಬ್ಯಾಟರಿ ನಿಧಾನವಾಗಿ ಇಳಿಯುವಾಗಿನ ನಡವಳಿಕೆ.

ಮ್ಯಾನೇಜರ್ ಓದಿ, ನಾಲ್ಕನೇ ಸಾಲು ತೆಗೆಯಬಹುದಾ ಎಂದು ಕೇಳಿದರು. ಆಗಲ್ಲ ಸಾರ್ ಎಂದೆ. ಪತ್ರ ಹಾಗೆಯೇ ಹೋಯಿತು. ಅಳವಡಿಸುವ ತಂಡದವರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, 'ನಮ್ಮಲ್ಲಿ ಆಗುವುದೇ ಅದು' ಎಂದರು. ರಿಲೀಸ್ ಒಂದು ವಾರ ಮುಂದಕ್ಕೆ ಹೋಯಿತು. ಬ್ಯಾಟರಿ ಇಳಿಸುತ್ತಾ ನೋಡಿದೆವು. ಕೋಡ್ ಸರಿಯಾಗಿಯೇ ಇತ್ತು, ಅಲಾರಂ ಹೊತ್ತಿಗೆ ಸರಿಯಾಗಿ ಹೊಡೆಯಿತು. ಬಜರ್‌ಗೆ ಸಿಗುವ ವೋಲ್ಟೇಜ್ ಮಾತ್ರ ಎಷ್ಟು ಇಳಿದಿತ್ತೆಂದರೆ, ಬಾಗಿಲು ಹಾಕಿದರೆ ಆ ಸದ್ದು ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ.